ಹಟ್ಟಿ ಮಾತಿನ ಪ್ರಾರ್ಥನೆ

ತಂಗಮಣಿ ಮದುವೆಯಾಗಿ ತೊರೆಹಟ್ಟಿಗೆ ಬಂದ ಮೇಲೆ ಒಂದು ದಿನವೂ ಬಾಯಿಬಿಟ್ಟು ಪ್ರಾರ್ಥನೆ ಮಾಡಿದವಳಲ್ಲ. ಆ ಕೆಲಸ ಗಂಡ ಭೋಜನನದು. ಗಂಡಸರ ಮುಖಕ್ಷೌರದ ಹಾಗೆ ಅದು ತನಗೆ ಸಂಬಂಧಿಸಿದ್ದಲ್ಲ ಎಂದೇ ಅವಳು ತಿಳಿದಿದ್ದಳು. ದೇವರ ಮೇಲೆ ನಂಬಿಕೆ ಇರಲಿಲ್ಲವೆಂದಲ್ಲ. ಟೀ ಎಲೆ ಕೀಳುತ್ತಾ, ಸೌದೆ ಒಟ್ಟುತ್ತಾ ಮನಸ್ಸಿನಲ್ಲೇ ಏನೇನೋ ಹೇಳಿಕೊಳ್ಳುತ್ತಿದ್ದಳು. ಆದರೆ ನಾಲ್ಕು ಜನ ಕೇಳುವಂತೆ ಹೇಳುವುದೆಂದರೆ ನಾಲಿಗೆ ಒಣಗುತ್ತಿತ್ತು.

ಭೋಜನನ ಪ್ರಾರ್ಥನೆಯೋ ಊರಿಗೇ ಹೆಸರುವಾಸಿ. ಅವನು ಊಟಿಯಿಂದ ಗೂಡಲೂರಿಗೆ ಓಡಾಡುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಹಿಂದಿನ ಬಾಗಿಲಿನಿಂದ ‘ರೈಟ್!’ ಎಂದರೆ ಡ್ರೈವರಿಗೆ ಮಾತ್ರವಲ್ಲ, ರಸ್ತೆ ಬದಿಯ ಕೋತಿಗಳಿಗೂ ಕೇಳುತ್ತಿತ್ತು. ಅದೇ ಗಂಟಲಿನಲ್ಲಿ ಅವನು ರಾತ್ರಿ ಊಟಕ್ಕೆ ಮುಂಚೆ ಚರ್ಚಿನ ತಮಿಳಿನಲ್ಲಿ ಪ್ರಾರ್ಥನೆ ಶುರುಮಾಡುತ್ತಿದ್ದ. ಅದು ಮಾರ್ಕೆಟ್ಟಿನ ತಮಿಳಲ್ಲ, ಇಸ್ತ್ರಿ ಹಾಕಿದ ತಮಿಳು. ಮೊದಲು ಪಾದ್ರಿಗಳಿಗಾಗಿ, ಆಮೇಲೆ ಚರ್ಚಿನ ಸಭೆಯ ರೋಗಿಗಳಿಗಾಗಿ, ಆಮೇಲೆ ಘಾಟಿಯ ತಿರುವುಗಳಲ್ಲಿ ಸ್ಟಿಯರಿಂಗ್ ತಿರುಗಿಸುವ ಡ್ರೈವರುಗಳಿಗಾಗಿ, ಆಮೇಲೆ ಗೂಡಲೂರಿನಲ್ಲಿ ಟೀಚರಾಗಿರುವ ಮಗಳು ಸುಗನ್ಯಾಳಿಗಾಗಿ, ಕಟ್ಟಕಡೆಗೆ ಎದುರಿಗಿರುವ ಅನ್ನಕ್ಕಾಗಿ. ಅಷ್ಟರಲ್ಲಿ ಅವರೆಕಾಳಿನ ಸಾರಿನ ಮೇಲೆ ಕೆನೆ ಕಟ್ಟಿರುತ್ತಿತ್ತು. ತಂಗಮಣಿ ಅರ್ಧ ಕಣ್ಣು ತೆರೆದು ಅವನನ್ನೇ ನೋಡುತ್ತಾ ಕೂತಿರುತ್ತಿದ್ದಳು. ಮುಚ್ಚಿದ ರೆಪ್ಪೆಯ ಕೆಳಗೆ ಅವನ ಕಣ್ಣುಗುಡ್ಡೆ ಅತ್ತಿತ್ತ ಹೊರಳುವುದು ನೋಡಿದರೆ ಅವಳಿಗೆ ನಗು ಬರುತ್ತಿತ್ತು, ಪ್ರೀತಿಯೂ ಬರುತ್ತಿತ್ತು.

ಆ ಜನವರಿಯಲ್ಲಿ ಹಿಮ ಜೋರಾಗಿ ಬಿತ್ತು. ಬೆಳಗ್ಗೆ ಎದ್ದರೆ ಕೇತ್ತಿ ಕಣಿವೆಯ ಹುಲ್ಲೆಲ್ಲ ಸುಣ್ಣ ಚೆಲ್ಲಿದ ಹಾಗೆ. ಬೀನ್ಸ್ ಗಿಡಗಳಿಗೆ ಹೊದಿಸಿದ್ದ ಗೋಣಿಚೀಲ ತೆಗೆಯಲು ಹಿತ್ತಲಿಗೆ ಹೋದ ಭೋಜನ ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ತಂಗಮಣಿ ಹೋಗಿ ನೋಡಿದರೆ ಸಾಲಿನ ನಡುವೆ ಒಂದು ಮಗ್ಗುಲಿಗೆ ಬಿದ್ದಿದ್ದ. ಬಾಯಿ ವಾರೆಯಾಗಿತ್ತು. ಅವಳ ಕೂಗು ಕೇಳಿ ಮೊದಲು ಓಡಿ ಬಂದವನು ಪಕ್ಕದ ಮನೆಯ ಮಹಾಲಿಂಗಂ. ಭೋಜನನ ಅಜ್ಜನೂ ಮಹಾಲಿಂಗನ ಅಜ್ಜನೂ ಒಡಹುಟ್ಟಿದವರು. ಒಬ್ಬ ಮಿಷನ್ನಿನವರ ಕೈಲಿ ದೀಕ್ಷಾಸ್ನಾನ ತೆಗೆದುಕೊಂಡ, ಇನ್ನೊಬ್ಬ ಕೊರಳಿನ ಲಿಂಗ ಬಿಡಲಿಲ್ಲ. ಆ ಕಾಲದಲ್ಲಿ ಎರಡು ಮನೆಗಳ ನಡುವೆ ನೀರು ಬೆಂಕಿಯ ಕೊಡುಕೊಳ್ಳುವಿಕೆಯೂ ಇರಲಿಲ್ಲವಂತೆ. ಈಗ ಒಂದು ಮನೆಯ ಒಗ್ಗರಣೆ ಇನ್ನೊಂದು ಮನೆಗೆ ಗೊತ್ತಾಗುವಷ್ಟು ಹತ್ತಿರ. ಮಹಾಲಿಂಗಂ ತನ್ನ ಜೀಪಿನಲ್ಲೇ ಊಟಿಗೆ ಕರೆದುಕೊಂಡು ಹೋದ. ಅಲ್ಲಿಂದ ಕೊಯಮತ್ತೂರಿಗೆ ಕಳಿಸಿದರು.

ಜೀವ ಉಳಿಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯುವಂತಾಯಿತು. ಮಾತಂತೂ ಹೋಯಿತು.

“ತಲೆಯಲ್ಲಿ ಮಾತು ಕಟ್ಟುವ ಜಾಗಕ್ಕೇ ಪೆಟ್ಟು ಬಿದ್ದಿದೆಯಮ್ಮ,” ಎಂದರು ಡಾಕ್ಟರು. “ನೀವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತೆ. ತಿರುಗಿ ಹೇಳೋದಕ್ಕೆ ಪದ ಸಿಗೋದಿಲ್ಲ. ಎಷ್ಟು ವಾಪಸ್ಸು ಬರುತ್ತೆ ಅಂತ ಈಗಲೇ ಹೇಳೋದು ಕಷ್ಟ.”

ಒಂದೇ ಒಂದು ಪದ ಮಾತ್ರ ಉಳಿದಿತ್ತು. ನೀರು ಬೇಕೆಂದರೂ, ನೋವಾಗುತ್ತಿದೆ ಎಂದರೂ, ಮಗಳನ್ನು ಕಂಡು ಕಣ್ಣೀರು ಬಂದರೂ ಅವನ ಬಾಯಿಂದ ಬರುತ್ತಿದ್ದದ್ದು ‘ರೈಟ್’. ಮೊದಮೊದಲು ಸುಗನ್ಯಾ ಅದನ್ನು ಕೇಳಿ ವಾರ್ಡಿನ ಹೊರಗೆ ಹೋಗಿ ಅಳುತ್ತಿದ್ದಳು.

ಮನೆಗೆ ಬಂದ ಮೊದಲ ದಿನ ಸಂಜೆ ತಂಗಮಣಿ ಮೆತ್ತಗೆ ಅನ್ನ ಮಾಡಿ, ಸಾರು ಕಲೆಸಿ, ಅವನ ಎದುರಿಗೆ ತಟ್ಟೆ ಇಟ್ಟಳು. ಚಮಚ ಬಾಯಿಯ ಹತ್ತಿರ ತಂದರೆ ಭೋಜನ ಬಾಯಿ ತೆರೆಯಲಿಲ್ಲ. ತಲೆ ಬಗ್ಗಿಸಿ ಕಣ್ಣು ಮುಚ್ಚಿಕೊಂಡ. ಸ್ವಲ್ಪ ಹೊತ್ತು ಬಿಟ್ಟು ಕಣ್ಣು ತೆರೆದು ಅವಳನ್ನು ನೋಡಿದ. ಮತ್ತೆ ತಲೆ ಬಗ್ಗಿಸಿದ.

ಅವಳಿಗೆ ಅರ್ಥವಾಯಿತು. “ಸುಗನ್ಯಾನ ಅಪ್ಪಾ, ನನಗ ಬರಲ್ಲ. ನೀ ಮನಸಲ್ಲೇ ಹೇಳ್ಕೊ.”

ಭೋಜನ ಎಡಗೈಯಿಂದ ಮೇಜು ಬಡಿದ. “ರೈಟ್.”

“ಅದೇನು ಹಟ? ನನಗ ಆ ತಮಿಳೆಲ್ಲ ಬರಲ್ಲ ಅಂದ್ನಲ್ಲ.”

ಅವನು ಕದಲಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡು ಅವನ ಹಾಗೆಯೇ ‘ಪರಲೋಕ ಪಿತಾವೇ’ ಎಂದು ಶುರುಮಾಡಿದಳು. ಮುಂದಿನದು ಬರಲಿಲ್ಲ. ಇಷ್ಟು ವರ್ಷ ದಿನಾ ಕೇಳಿದ್ದ ಮಾತು, ಒಂದೂ ಬಾಯಿಗೆ ಬರಲಿಲ್ಲ. ಎರಡನೆಯ ಸಲವೂ ಅಲ್ಲೇ ನಿಂತಿತು. ಅವಳಿಗೆ ಅವಮಾನವಾಯಿತು, ಸಿಟ್ಟೂ ಬಂತು, ಅನ್ನ ಆರುತ್ತಿದೆಯಲ್ಲ ಎಂಬ ಚಿಂತೆಯೂ ಸೇರಿಕೊಂಡಿತು. ಕೊನೆಗೆ ದಿನಾ ಆಡುವ ಹಟ್ಟಿ ಮಾತಿನಲ್ಲೇ ಒಂದೇ ಉಸಿರಿಗೆ ಹೇಳಿಬಿಟ್ಟಳು:

“ಅಪ್ಪಾ, ಅನ್ನ ಆರೋಗ್ತಾ ಅದೆ. ಇವನಿಗ ಹಸಿವು. ನಾ ಹೇಳ್ದೆ ಇವ ತಿನ್ನಲ್ಲ, ಇವ ತಿನ್ನದೆ ನಾ ತಿನ್ನಲ್ಲ. ಎಂಗ ಇಬ್ಬರನ್ನೂ, ಇವನನ್ನೂ ನನ್ನನ್ನೂ, ನೋಡ್ಕೊ. ಆಮೆನ್.”

“ರೈಟ್!” ಎಂದ ಭೋಜನ. ಬಸ್ಸು ಹೊರಡಿಸುವ ಅದೇ ಗತ್ತು.

ತಂಗಮಣಿಗೆ ನಗು ತಡೆಯಲಾಗಲಿಲ್ಲ. ಅವನ ವಾರೆ ಬಾಯಿಯೂ ನಕ್ಕಿತು. ಆಸ್ಪತ್ರೆ ಸೇರಿದ ಮೇಲೆ ಅವರಿಬ್ಬರೂ ನಕ್ಕದ್ದು ಅದೇ ಮೊದಲು. ಚಮಚದಲ್ಲಿದ್ದ ಅನ್ನ ಅವನ ಅಂಗಿಯ ಮೇಲೆ ಚೆಲ್ಲಿತು.

ಅಂದಿನಿಂದ ದಿನವೂ ಅವಳೇ ಹೇಳಬೇಕಾಯಿತು. ಒಂದು ವಾಕ್ಯ ಎರಡಾಯಿತು, ಎರಡು ಹತ್ತಾಯಿತು. ಅವಳ ಪ್ರಾರ್ಥನೆಯಲ್ಲಿ ಮಹಿಮೆ, ಸ್ತೋತ್ರ ಇಂಥ ಪದಗಳಿರಲಿಲ್ಲ. ನೆರೆಮನೆಯವರ ಹತ್ತಿರ ಬೇಲಿಯಾಚೆ ನಿಂತು ಆಡುವ ಮಾತಿನ ಹಾಗಿತ್ತು ಅದು. ಕಾಡೆಮ್ಮೆ ಬಂದು ಕೋಸಿನ ಪಾತಿ ತುಳಿದದ್ದು, ಗ್ಯಾಸ್ ಸಿಲಿಂಡರಿನವನು ಬಾರದ್ದು, ವ್ಯಾಯಾಮ ಮಾಡಿಸಲು ಹೋದರೆ ಇವನು ಮಗುವಿನ ಹಾಗೆ ಮುಖ ತಿರುಗಿಸುವುದು, ಎಲ್ಲವೂ ದೇವರ ಕಿವಿಗೆ ಬೀಳುತ್ತಿತ್ತು. ತನ್ನ ಮೇಲಿನ ಚಾಡಿ ಬಂದಾಗ ಭೋಜನ ಕಣ್ಣು ಮುಚ್ಚಿಕೊಂಡೇ ಹುಬ್ಬು ಏರಿಸುತ್ತಿದ್ದ.

“ಆ ಕಾಲು ಎತ್ತು ಅಂದ್ರೆ ಎತ್ತಲ್ಲ ಅಪ್ಪಾ. ನೀನೇ ಹೇಳು ಇವನಿಗ. ನನ್ನ ಮಾತು ಯಾವತ್ತು ಕೇಳ್ದ?”

ಮಾರನೆಯ ದಿನ ಅವನು ಗುಟುರು ಹಾಕಿಕೊಂಡೇ ಕಾಲು ಎತ್ತಿದ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕೂನೂರಿನ ಕಡೆಯ ಹೆಂಗಸೊಬ್ಬಳು ಬಂದಳು. ಅವಳು ದೂರದ ನೆಂಟಳು. ಮನೆಮನೆಗೆ ಹೋಗಿ ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವವಳು. ಭೋಜನನ ತಲೆ ಹಿಡಿದು ಬಹಳ ಹೊತ್ತು ಕೂಗಿದಳು. ಅವನು ಬೆವರಿದ. ಹೊರಡುವಾಗ ತಂಗಮಣಿಯನ್ನು ಬಾಗಿಲ ಹತ್ತಿರ ಕರೆದು, “ಈ ಮನೇಲಿ ಏನೋ ತಡೆ ಇದೆ,” ಎಂದಳು. “ನಿಮ್ಮ ನಂಬಿಕೆ ಸಾಲದು. ನಂಬಿದ್ರೆ ಇಷ್ಟು ಹೊತ್ತಿಗೆ ಎದ್ದು ಮಾತಾಡ್ತಿದ್ರು. ಬಚ್ಚಿಟ್ಟ ಪಾಪ ಏನಾದ್ರೂ ಇದ್ರೆ ಯೋಚನೆ ಮಾಡಿ.”

ತಂಗಮಣಿ ಅವಳಿಗೆ ಕಾಫಿ ಕೊಟ್ಟು ಕಳಿಸಿದಳು. ಮಾತು ಮಾತ್ರ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಸಂಜೆಯವರೆಗೆ ಟೀ ಗಿಡಗಳ ನಡುವೆ ನಿಂತು ತನ್ನ ಬದುಕನ್ನೆಲ್ಲ ಹುಡುಕಿದಳು. ಅತ್ತೆಯ ಮೇಲೆ ರೇಗಿದ್ದು, ಯಾವುದೋ ಭಾನುವಾರ ತಲೆನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಮಲಗಿದ್ದು, ಇಂಥವೇ ಸಿಕ್ಕವು. ಇದಕ್ಕೆಲ್ಲ ಒಬ್ಬ ಮನುಷ್ಯನ ಬಾಯಿ ಕಿತ್ತುಕೊಳ್ಳುತ್ತಾರೆಯೇ?

ಅಂದು ಊಟದ ಹೊತ್ತಿಗೆ ಅವಳು ತಟ್ಟೆ ಇಟ್ಟವಳೇ ಕಣ್ಣು ಮುಚ್ಚಿದಳು. “ಅಪ್ಪಾ, ನನ್ನ ಮೇಲ ನಿನಗ ಏನಾದ್ರೂ ಇದ್ರೆ ನೇರ ನನಗೇ ಹೇಳು. ಆ ಹೆಂಗಸಿನ ಹತ್ರ ಹೇಳಿ ಕಳಿಸ್ಬೇಡ. ನನಗ ಎಷ್ಟು ನಂಬಿಕೆ ಅದೆಯೋ ಅಷ್ಟೇ ಅದೆ. ಜಾಸ್ತಿ ಬೇಕು ಅಂದ್ರೆ ನೀನೇ ಕೊಡ್ಬೇಕು, ನಾ ಎಲ್ಲಿಂದ ತರ್ಲಿ?”

ಆಮೆನ್ ಹೇಳುವ ಮೊದಲೇ ಭೋಜನ ಎಡಗೈ ಚಾಚಿ ಅವಳ ಮೊಣಕೈ ಹಿಡಿದ. ಬೇಡ ಬೇಡ ಎಂಬಂತೆ ಜೋರಾಗಿ ತಲೆಯಾಡಿಸಿದ. ಆ ಹೆಂಗಸು ಕೂತಿದ್ದ ಕುರ್ಚಿಯ ಕಡೆ ಕೈ ಬೀಸಿ, ಟಿಕೆಟ್ ಇಲ್ಲದವರನ್ನು ಬಸ್ಸಿನಿಂದ ಇಳಿಸುವವನ ಹಾಗೆ, “ರೈಟ್! ರೈಟ್!” ಎಂದ. ಅವಳ ಎದೆಯ ಭಾರ ಅರ್ಧ ಇಳಿಯಿತು.

ಮಳೆಗಾಲ ಬಂತು. ಆ ಸಲದ ಜುಲೈ ಮಳೆ ನಿಲ್ಲುವ ಲಕ್ಷಣವನ್ನೇ ತೋರಲಿಲ್ಲ. ಒಂದು ಬೆಳಗ್ಗೆ ತಂಗಮಣಿ ಭೋಜನನಿಗೆ ಸ್ವೆಟರ್ ಹಾಕಿಸುತ್ತಿದ್ದಾಗ ಹಿಂದಿನ ಇಳಿಜಾರಿನಲ್ಲಿ ಲಾರಿ ಕಲ್ಲು ಸುರಿದಂಥ ಶಬ್ದವಾಯಿತು. ಅವನನ್ನು ತಬ್ಬಿಕೊಂಡು ಎಳೆದು ಅಂಗಳಕ್ಕೆ ತರುವಷ್ಟರಲ್ಲಿ ಅಡುಗೆಮನೆಯ ಗೋಡೆ ಒಳಕ್ಕೆ ಕುಸಿಯಿತು. ಗುಡ್ಡದ ಕೆಮ್ಮಣ್ಣು ಒಲೆಯನ್ನೂ ಪಾತ್ರೆಗಳನ್ನೂ ಮುಚ್ಚಿತು. ಮೇಲೆ ನೋಡಿದರೆ ಭೋಜನನ ಅಪ್ಪ ನೆಟ್ಟಿದ್ದ ಟೀ ಗಿಡಗಳ ಅರ್ಧ ಭಾಗವೇ ಇರಲಿಲ್ಲ. ಬೇರು ಮೇಲಾಗಿ ಕೆಳಗಿನ ತೊರೆಯವರೆಗೆ ಚೆಲ್ಲಾಡಿದ್ದವು.

ಮಹಾಲಿಂಗನೂ ಅವನ ಹೆಂಡತಿ ಅಕ್ಕಮ್ಮನೂ ಮಳೆಯಲ್ಲೇ ಬಂದು ಇಬ್ಬರನ್ನೂ ತಮ್ಮ ಮನೆಗೆ ಕರೆದುಕೊಂಡು ಹೋದರು. ಅಕ್ಕಮ್ಮ ಒಣಗಿದ ಸೀರೆ ಕೊಟ್ಟಳು, ಭೋಜನನನ್ನು ಒಲೆಯ ಹತ್ತಿರ ಕೂರಿಸಿ ಕಂಬಳಿ ಹೊದಿಸಿದಳು. ಗೂಡಲೂರು ರಸ್ತೆಗೆ ಮರ ಬಿದ್ದು ಸುಗನ್ಯಾ ಬರುವ ಹಾಗಿರಲಿಲ್ಲ, ಫೋನಿನಲ್ಲೇ ಅತ್ತಳು.

ಸಂಜೆ ಊಟಕ್ಕೆ ಕೂತಾಗ ಅಕ್ಕಮ್ಮ ಬಡಿಸಿದ ಮೇಲೂ ಭೋಜನ ತಲೆ ಬಗ್ಗಿಸಿ ಕಾದ. ದೇವರ ಗೂಡಿನಲ್ಲಿ ಅವರ ಮನೆಯ ದೀಪ ಉರಿಯುತ್ತಿತ್ತು. ತಂಗಮಣಿ ಸುಮ್ಮನೆ ತಟ್ಟೆ ನೋಡುತ್ತಾ ಕೂತಳು.

“ಯಾಕ, ದಿನಾ ಹೇಳ್ತೀಯಲ್ಲ ಹೇಳು,” ಎಂದಳು ಅಕ್ಕಮ್ಮ. “ನಾ ಗೋಡೆ ಈಚೆಯಿಂದ ಕೇಳ್ತೀನಿ ದಿನಾ. ಎಂಗ ಮನೆ ಅಂತ ನಾಚಿಕೆಯಾ?”

“ನಾಚಿಕೆ ಅಲ್ಲ ಅಕ್ಕ.” ತಂಗಮಣಿ ತಟ್ಟೆ ಅತ್ತ ಸರಿಸಿದಳು. “ಏನು ಹೇಳ್ಲಿ? ಮಾತು ಹೋಯ್ತು, ಕೈ ಹೋಯ್ತು, ಈಗ ಒಲೆನೂ ಹೋಯ್ತು. ದಿನಾ ನೋಡ್ಕೊ ನೋಡ್ಕೊ ಅಂತ ಹೇಳ್ದೆ. ಇದೇನಾ ನೋಡ್ಕೊಳ್ಳೋದು? ನನಗ ಸಾಕಾಯ್ತು. ನಾ ಇನ್ನು ಏನೂ ಕೇಳಲ್ಲ.”

ಹೆಂಚಿನ ಮೇಲೆ ಮಳೆಯ ಸದ್ದು. ಮಹಾಲಿಂಗಂ ಒಲೆಗೆ ಒಂದು ಸೌದೆ ತಳ್ಳಿದ.

ಆಗ ಭೋಜನ ಎಡಗೈಯಿಂದ ಹೆಂಡತಿಯ ಕೈ ಹಿಡಿದುಕೊಂಡ. ಕಣ್ಣು ಮುಚ್ಚಿದ. “ರೈಟ್,” ಎಂದ, ಮೆಲ್ಲಗೆ. ಸ್ವಲ್ಪ ನಿಂತು ಮತ್ತೆ, “ರೈಟ್… ರೈಟ್, ರೈಟ್…”

ಮೊದಲು ತಂಗಮಣಿಗೆ ಅವನಿಗೇನೋ ಬೇಕಾಗಿದೆ ಅನ್ನಿಸಿತು. ಆಮೇಲೆ ಆ ಏರಿಳಿತ ಕಿವಿಗೆ ಹತ್ತಿತು. ಅದು ಅವನ ಹಳೆಯ ಪ್ರಾರ್ಥನೆ! ಪದಗಳಿರಲಿಲ್ಲ, ರಾಗ ಪೂರ್ತಿ ಇತ್ತು. ಮೊದಲ ಸಾಲಿನ ಎತ್ತರದ ದನಿ, ಅದು ದೇವರನ್ನು ಕರೆಯುವುದು. ಅಲ್ಲಿಂದ ಇಳಿದು ಗಂಭೀರವಾದದ್ದು, ಅದು ಪಾದ್ರಿಗಳು. ಒಂದೊಂದೇ ಹೆಸರು ಬಿಟ್ಟು ಬಿಟ್ಟು ಹೇಳಿದಂತೆ ಬಂದದ್ದು ಸಭೆಯ ರೋಗಿಗಳು; ಈಗ ತಾನೂ ಅವರಲ್ಲೊಬ್ಬ ಎಂಬುದು ಅವನಿಗೆ ನೆನಪಿದ್ದಂತಿರಲಿಲ್ಲ. ಆಮೇಲೆ ಘಾಟಿಯ ಡ್ರೈವರುಗಳು. ಈ ಮಳೆಯಲ್ಲಿ ರಸ್ತೆಯಲ್ಲಿದ್ದಾರೆ ಎಂದೋ ಏನೋ, ಅಲ್ಲಿ ಬಹಳ ಹೊತ್ತು ನಿಂತ. ಆಮೇಲೆ ದನಿ ಮೃದುವಾಯಿತು, ಸುಗನ್ಯಾ. ಇನ್ನು ಅನ್ನ ಬರಬೇಕು ಎಂದು ಅವಳು ಅಂದುಕೊಂಡಳು. ಅನ್ನ ಬರಲಿಲ್ಲ. ಅವಳು ಎಂದೂ ಕೇಳಿರದ ಹೊಸದೊಂದು ಭಾಗ ಶುರುವಾಯಿತು. ತಡವರಿಸಿ, ಉಸಿರು ಕಟ್ಟಿ, ಮತ್ತೆ ಮತ್ತೆ ಅದೇ ಒಂದು ಪದ. ಹೇಳುತ್ತಾ ಹೇಳುತ್ತಾ ಅವಳ ಕೈ ಬಿಟ್ಟು ಅಂಗೈಯನ್ನು ಅವಳ ನೆತ್ತಿಯ ಮೇಲೆ ಇಟ್ಟ.

ತಂಗಮಣಿ ಅತ್ತಳು. ಜನವರಿಯಿಂದ ಒಳಗೇ ಅದುಮಿಟ್ಟಿದ್ದೆಲ್ಲ ಅಕ್ಕಮ್ಮನ ಒಲೆಯ ಮುಂದೆ ಹರಿದುಹೋಯಿತು. ಇವನ ಹತ್ತಿರ ಉಳಿದಿರುವುದು ಒಂದೇ ಪದ, ಅದನ್ನೂ ಇವನು ದೇವರ ಮುಂದೆ ಇಡುತ್ತಿದ್ದಾನೆ. ನನ್ನ ಬಾಯಲ್ಲಿ ಇಷ್ಟೊಂದು ಮಾತಿದೆ. ಅವನು ನಿಲ್ಲಿಸಿದಾಗ ಅವಳೇ “ಆಮೆನ್” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, “ಅಪ್ಪಾ, ಸಿಟ್ಟು ಇನ್ನೂ ಹೋಗಿಲ್ಲ,” ಎಂದು ಸೇರಿಸಿದಳು. “ಆದ್ರೂ ನಾ ಇಲ್ಲೇ ಇದೀನಿ. ಈ ಮನೆಯವ್ರನ್ನ ಚೆನ್ನಾಗಿ ನೋಡ್ಕೊ.”

ಮಹಾಲಿಂಗಂ ಹೊಗೆ ಕಣ್ಣಿಗೆ ಹೋಯಿತೆಂದು ಎದ್ದು ಹೊರಗೆ ಹೋದ.

ಮಳೆ ಬಿಟ್ಟ ಮೇಲೆ ಮೊದಲು ಬಂದವರು ಪಾದ್ರಿ ಗಿರಿಧರನ್. ಪ್ಯಾಂಟು ಮಡಚಿಕೊಂಡು, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬಂದಿದ್ದರು. ಹಿಂದೆ ಸಭೆಯ ಗಂಡಸರು ಹೆಂಗಸರು. ಹಟ್ಟಿಯ ಹುಡುಗರೂ ಸೇರಿಕೊಂಡರು. ಕೆಮ್ಮಣ್ಣು ತೆಗೆದು, ಸೊಟ್ಟಗಾದ ಪಾತ್ರೆಗಳನ್ನು ತೊಳೆದು, ಇಳಿಜಾರಿಗೆ ಕಲ್ಲಿನ ತಡೆ ಕಟ್ಟಿ, ಆಮೇಲೆ ಅಡುಗೆಮನೆಯ ಗೋಡೆ ಏರಿಸಿದರು. ಚಾವಣಿಗೆ ಶೀಟು ಹೊದಿಸುವ ದಿನ ಮಹಾಲಿಂಗನೂ ಪಾದ್ರಿಗಳೂ ಒಂದೇ ಏಣಿಗಾಗಿ ಜಗಳಾಡಿದರು. ಆ ವಾರಗಳೆಲ್ಲ ಅಕ್ಕಮ್ಮನ ಮನೆಯಲ್ಲಿ ಊಟಕ್ಕೆ ಮುಂಚೆ ತಂಗಮಣಿಯ ಹಟ್ಟಿ ಮಾತು ಕೇಳುವುದು ರೂಢಿಯಾಯಿತು. ಒಂದು ದಿನ ಅವಳು ಮರೆತರೆ ಮಹಾಲಿಂಗಂ ಕೆಮ್ಮಿ ನೆನಪಿಸುತ್ತಿದ್ದ.

ಹೋದ ಟೀ ಗಿಡಗಳು ಹೋದವು. ಭೋಜನನ ಬಲಗೈಯೂ ಬರಲಿಲ್ಲ. ಆದರೆ ಊಟಿಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಬಿಡದೆ ಹಿಡಿದು ಅಕ್ಟೋಬರಿನ ಹೊತ್ತಿಗೆ ಕೆಲವು ಪದ ಹೊರಡಿಸಿದಳು. ನೀರು ಬಂತು. ಬೇಡ ಬಂತು. ಒಂದು ದಿನ ಆ ಹುಡುಗಿ ತಂಗಮಣಿಯ ಕಡೆ ಕೈ ತೋರಿಸಿ, “ಇವರು ಯಾರು?” ಎಂದು ಕೇಳಿದಳು. ಭೋಜನ ಬಹಳ ಹೊತ್ತು ತುಟಿ ಕೂಡಿಸಿ ಬಿಡಿಸಿ ಮಾಡಿದ. ಹಣೆಯ ಮೇಲೆ ಬೆವರು ಬಂತು.

“ತಂ… ತಂಗ,” ಎಂದ.

ಮದುವೆಯಾದಾಗಿನಿಂದ ಅವನು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಏ’ ಎನ್ನುತ್ತಿದ್ದ, ಮಗಳು ಹುಟ್ಟಿದ ಮೇಲೆ ‘ಸುಗನ್ಯಾನ ಅವ್ವೆ’ ಎನ್ನುತ್ತಿದ್ದ. ತಂಗಮಣಿ ಹೊಸ ಮದುಮಗಳ ಹಾಗೆ ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ತಾವು ಇಳಿಯಬೇಕಾದ ಅರವಂಕಾಡು ದಾಟಿ ಬಂದುಬಿಟ್ಟದ್ದೇ ಅವಳಿಗೆ ತಿಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಆಟೋ ಹಿಡಿದು ಹಿಂದೆ ಬರಬೇಕಾಯಿತು.

ಕ್ರಿಸ್ಮಸ್ಸಿಗೆ ಇನ್ನೂ ಕೆಲವು ವಾರಗಳಿದ್ದಾಗ ಅಕ್ಕಮ್ಮನಿಗೆ ಕೊಯಮತ್ತೂರಿನಲ್ಲಿ ಮಂಡಿಯ ಆಪರೇಷನ್ ನಿಗದಿಯಾಯಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ಕುಂಟುತ್ತಾ ಹೊಸ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತಳು.

“ನನಗ ಭಯ ಆಗ್ತದೆ ತಂಗಮಣಿ,” ಎಂದಳು. ಹಟ್ಟಿಯಲ್ಲಿ ಯಾರಿಗೂ ಹೆದರದ ಅಕ್ಕಮ್ಮ. “ಎಂಗ ದೇವ್ರಿಗ ದೀಪ ಹಚ್ಚಿ ಬಂದೆ. ನೀನೂ ನಿನ್ನ ಅಪ್ಪನ ಹತ್ರ ನನ್ನ ವಿಷಯ ಒಂದು ಮಾತು ಹೇಳು.”

“ನಾನಾ? ಪಾದ್ರಿ ಅಯ್ಯನ ಕರೀಲಾ?”

“ಅವ್ರ ತಮಿಳು ನನಗ ತಿಳಿಯಲ್ಲ. ನೀ ಹೇಳು.”

ತಂಗಮಣಿ ಅವಳ ಮಂಡಿಯ ಮೇಲೆ ಕೈಯಿಟ್ಟಳು. ನಾಲಿಗೆ ಒಣಗಲಿಲ್ಲ. “ಅಪ್ಪಾ, ಇವಳು ಎಂಗ ಅಕ್ಕ. ಎಂಗ ಒಲೆ ಹೋದಾಗ ತನ್ನ ಒಲೆ ಕೊಟ್ಟವ್ಳು. ಈ ಮಂಡಿ ಎಷ್ಟು ಇಳಿಜಾರು ಹತ್ತಿ ಇಳಿದದೆ ನಿನಗೇ ಗೊತ್ತು. ಡಾಕ್ಟರ ಕೈ ನೀ ಹಿಡ್ಕೊ. ಇವಳಿಗ ನಿದ್ದೆ ಬರೋವರ್ಗೂ ಹತ್ರ ಕೂತಿರು. ನಡೆಸ್ಕೊಂಡು ಕರ್ಕೊಂಡು ಬಾ.”

ಅಕ್ಕಮ್ಮ ಕಣ್ಣು ಒರೆಸಿಕೊಂಡು, ತಂಗಮಣಿಯ ಕೆನ್ನೆ ತಟ್ಟಿ ಎದ್ದು ಹೋದಳು.

ಬಿಸಿಲು ಇನ್ನೂ ಇತ್ತು. ಎಲೆ ಒಯ್ಯುವ ವ್ಯಾನು ಬರುವಷ್ಟರಲ್ಲಿ ಒಂದು ಸುತ್ತು ಕೀಳಬಹುದೆಂದು ತಂಗಮಣಿ ಬುಟ್ಟಿ ಬೆನ್ನಿಗೇರಿಸಿ ಉಳಿದ ಗಿಡಗಳ ಕಡೆಗೆ ಹೋದಳು. ನಾಲ್ಕಾರು ಗಿಡ ಮುಗಿಸಿ ತಿರುಗಿದರೆ ಭೋಜನ ಕೋಲೂರಿಕೊಂಡು, ಕಾಲೆಳೆಯುತ್ತಾ, ಕಾಲುದಾರಿ ಏರಿ ಬರುತ್ತಿದ್ದ. ಗುಡ್ಡ ಕುಸಿದ ಮೇಲೆ ಅವನು ಈ ಕಡೆ ಬಂದದ್ದೇ ಇಲ್ಲ. ಹೋಗಿ ಹಿಡಿದುಕೊಳ್ಳಬೇಕೆಂದು ಅವಳ ಕಾಲು ತುಡಿಯಿತು, ಆದರೆ ಅವಳು ನಿಂತಲ್ಲೇ ನಿಂತಳು. ಅವನು ಮೊದಲ ಗಿಡದವರೆಗೆ ಬಂದು, ಕೋಲನ್ನು ಸೊಂಟಕ್ಕೆ ಆನಿಸಿಕೊಂಡು, ಎಡಗೈಯಿಂದ ಎಲೆ ಕಿತ್ತ. ಒಂದು ಚಿಗುರು, ಎರಡು ಬಲಿತ ಎಲೆ, ಒಂದು ತುಂಡು ಕಡ್ಡಿ. ಅದನ್ನೆಲ್ಲ ಹಿಡಿಯಲ್ಲಿ ಹಿಡಿದು ತಂದು ಅವಳ ಬೆನ್ನಿನ ಬುಟ್ಟಿಗೆ ಹಾಕಿದ.

ಚಿಗುರಿನ ಜೊತೆ ಬಲಿತ ಎಲೆ, ಕಡ್ಡಿ ಹಾಕಿದರೆ ಫ್ಯಾಕ್ಟರಿಯವರು ಬೈಯುತ್ತಾರೆಂದು ಅವಳಿಗೆ ಗೊತ್ತಿತ್ತು.

“ಇನ್ನೂ ಒಂದು ಹಿಡಿ ಕೀಳು,” ಎಂದಳು ತಂಗಮಣಿ, ಬುಟ್ಟಿಯನ್ನು ಅವನ ಕಡೆಗೆ ತಿರುಗಿಸುತ್ತಾ.